ಕೂರುವ ಕಾಯ್ದೆ

ಅದು ಶುರುವಾದದ್ದು ಬೇಸಿಗೆಯಲ್ಲಿ, ಒಂದು ಸಂಜೆ. ಹೊತ್ತು ಮುಳುಗಿತ್ತು, ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಬಟ್ಟೆ ಅಂಗಡಿಯ ಯಜಮಾನ ಎಂದೂ ಇಲ್ಲದಂತೆ ಬೇಗ ಶಟರ್ ಎಳೆಸಿದ. ಕೆಲಸದ ಹೆಂಗಸರನ್ನು ಬಾಗಿಲ ಮುಂದೆ ಗುಂಪು ಹಾಕಿದ.

“ಯಾರೂ ಮನೆ ಕಡೆ ಮುಖ ಮಾಡೋ ಹಾಗಿಲ್ಲ. ಎಲ್ಲ ಸೀದಾ ಸಭಾಂಗಣಕ್ಕೆ ನಡೀರಿ. ಶಾಸಕರು ಬಂದಿದಾರೆ. ಸಭೆ ಖಾಲಿ ಕಾಣಬಾರದು.”

“ಚಪ್ಪಾಳೆ ಜೋರಾಗಿ ತಟ್ಟಬೇಕಾ ಯಜಮಾನ್ರೆ, ಮೆಲ್ಲಗೆ ತಟ್ಟಬೇಕಾ?” ಅಂದಳು ಬಾಯಿಬಡುಕಿ. ಅವಳಿಗೆ ಬೇರೆ ಹೆಸರಿತ್ತು. ಅಂಗಡಿಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ.

“ನಾನು ತಟ್ಟಿದಾಗ ತಟ್ಟು. ನಾನು ನಿಲ್ಲಿಸಿದಾಗ ನಿಲ್ಲಿಸು.”

ದೊಡ್ಡಕ್ಕ ಆ ಅಂಗಡಿಯಲ್ಲಿ ಎಲ್ಲರಿಗಿಂತ ಹಳಬಳು, ಯಜಮಾನನ ಅಪ್ಪನ ಕಾಲದಲ್ಲಿ ಸೇರಿದವಳು. ಈಗಿನ ಯಜಮಾನ ಚಡ್ಡಿ ಹಾಕಿಕೊಂಡು ಬಟ್ಟೆ ಸುರುಳಿಯ ಥಾನುಗಳ ಮೇಲೆ ಉರುಳಾಡುತ್ತಿದ್ದಾಗ ಎತ್ತಿ ಕೆಳಗಿಳಿಸಿದವಳು. ಅವಳು ನೋಡುತ್ತಿದ್ದದ್ದು ತನ್ನ ಸೊಸೆಯ ಕಾಲನ್ನು. ಸೊಸೆ ಅದೇ ಅಂಗಡಿಯಲ್ಲಿ ಮಕ್ಕಳ ಬಟ್ಟೆಯ ಕಡೆ ಕೆಲಸಕ್ಕಿದ್ದಳು. ಬಸುರಿ, ಆರು ತಿಂಗಳು. ಸಂಜೆಯಾದರೆ ಅವಳ ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗುತ್ತಿತ್ತು.

“ನಡೆಯೋದಕ್ಕಾಗುತ್ತಾ?”

“ನಡೆಯೋದಕ್ಕೆ ಆಗುತ್ತೆ ಅತ್ತೆ. ನಿಲ್ಲೋದಕ್ಕೆ ಆಗಲ್ಲ.”

ನಿಲ್ಲುವುದು ಅಂದರೆ ಏನು ಅಂತ ಹೇಳಬೇಕು. ಅಂಗಡಿ ತೆರೆದಾಗ ನಿಂತರೆ ಮುಚ್ಚುವವರೆಗೆ ನಿಲ್ಲಬೇಕು. ಗೋಡೆಗೆ ಒರಗುವ ಹಾಗಿಲ್ಲ. ಕಪಾಟಿಗೆ ಕೈ ಊರುವ ಹಾಗಿಲ್ಲ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕಿ, ಅದು ಸೋತಾಗ ಮತ್ತೆ ಇದಕ್ಕೆ ಹಾಕಿ, ಹಾಗೇ ದಿನ ನೂಕಬೇಕು. ಗಿರಾಕಿ ಇರಲಿ ಬಿಡಲಿ. “ಕೂತ ಹೆಂಗಸನ್ನು ನೋಡಿದ್ರೆ ಅಂಗಡಿ ದಿವಾಳಿ ಆದ ಹಾಗೆ ಕಾಣುತ್ತೆ” ಅನ್ನುವುದು ಯಜಮಾನನ ಮಾತು.

ಇಡೀ ಅಂಗಡಿಯಲ್ಲಿ ಹೆಂಗಸರು ಕೂರಬಹುದಾದ ಜಾಗ ಒಂದೇ, ಕಕ್ಕಸು. ಅವಸರವಿಲ್ಲದಿದ್ದರೂ ಅಲ್ಲಿ ಹೋಗಿ, ಮೂಗಿಗೆ ಸೆರಗು ಹಿಡಿದು, ಆ ನಾತದಲ್ಲಿ ಕುಕ್ಕರಿಸಿ ಕಾಲಿಗೆ ಚೂರು ಬಿಡುವು ಕೊಟ್ಟು ಬರುತ್ತಿದ್ದರು. ಯಜಮಾನನಿಗೆ ಅದು ಗೊತ್ತಾಯಿತು. ಕಕ್ಕಸಿಗೆ ಬೀಗ ಹಾಕಿಸಿ ಬೀಗದ ಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಂಡ. ಆಮೇಲೆ ಹೋಗಬೇಕಾದವರು ಗಲ್ಲಾದ ಮುಂದೆ ನಿಂತು, ಗಿರಾಕಿಗಳ ಎದುರಿಗೆ ಕೈ ಚಾಚಿ ಕೇಳಬೇಕಾಯಿತು. ಕೆಲವರು ಕೇಳುವುದನ್ನೇ ಬಿಟ್ಟರು. ನೀರು ಕುಡಿಯುವುದನ್ನೂ ಬಿಟ್ಟರು.

ದೊಡ್ಡಕ್ಕನ ಎಡಗಾಲಿನ ನರಗಳು ಹಗ್ಗದಂತೆ ಎದ್ದಿದ್ದವು. ಹರಡಿನ ಗಂಟಿನ ಮೇಲೆ ಒಂದು ಹುಣ್ಣಿತ್ತು. ಮಾಯುತ್ತಿರಲಿಲ್ಲ. ಬೆಳಗ್ಗೆ ಕಟ್ಟಿದ ಬಟ್ಟೆ ಮಧ್ಯಾಹ್ನಕ್ಕೆ ಒದ್ದೆಯಾಗುತ್ತಿತ್ತು. ಸಂಜೆ ಅದರ ವಾಸನೆ ಅವಳಿಗೇ ಬರುತ್ತಿತ್ತು. ಅದನ್ನು ಅವಳು ಸಹಿಸಿಕೊಂಡಿದ್ದಳು. ಸಹಿಸಲಾರದ್ದು ಇನ್ನೊಂದಿತ್ತು.

ಹಿಂದಿನ ಮಳೆಗಾಲದಲ್ಲಿ, ಮದುವೆ ವ್ಯಾಪಾರದ ನೂಕುನುಗ್ಗಲಿನ ಒಂದು ದಿನ, ಸೊಸೆಯ ಮೊದಲ ಬಸಿರು ಅಂಗಡಿಯ ಹಿಂದಿನ ಗೋದಾಮಿನಲ್ಲಿ ಹೋಗಿತ್ತು. ಹೊಟ್ಟೆ ಹಿಡಿಯುತ್ತಿದೆ ಅಂತ ಅವಳು ಹೇಳಿದ್ದಳು. ಗಿರಾಕಿ ಮುಗಿಸಿ ಹೋಗು ಅಂತ ಯಜಮಾನ ಹೇಳಿದ್ದ. ಗೋದಾಮಿನ ನೆಲದ ಮೇಲಿದ್ದುದನ್ನು ಬೇರೆಯವರು ಮುಟ್ಟಬಾರದು ಅಂತ ದೊಡ್ಡಕ್ಕ ತಾನೇ ಮಂಡಿಯೂರಿ ಒರೆಸಿದಳು, ಕೈಗೆ ಸಿಕ್ಕ ಒಂದು ತುಂಡು ಬಟ್ಟೆಯಿಂದ. ಯಜಮಾನ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು ಕೇಳಿದ್ದು ಇಷ್ಟು: “ಒರೆಸಿದ್ದು ಯಾವ ಥಾನಿನ ಬಟ್ಟೆ?”

ಆ ಮಾತು ದೊಡ್ಡಕ್ಕನ ಕಿವಿಯಿಂದ ಇಳಿದಿರಲಿಲ್ಲ. ಆದರೂ ಅತ್ತೆ ಸೊಸೆ ಇಬ್ಬರೂ ಅದೇ ಅಂಗಡಿಗೆ ಹೋಗುತ್ತಿದ್ದರು. ಮಗ ಸರಕಿನ ಲಾರಿ ಓಡಿಸುತ್ತಿದ್ದ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಇವರು ಅಂಗಡಿಗೆ ಹೋಗದಿದ್ದರೆ ಒಲೆ ಹತ್ತುತ್ತಿರಲಿಲ್ಲ. ಈ ಸಲ ದವಾಖಾನೆಯ ನರ್ಸಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು: “ಆಗಾಗ ಕೂತ್ಕೋಬೇಕು. ಹೀಗೇ ನಿಂತ್ರೆ ಇದೂ ಉಳಿಯಲ್ಲ. ಆಮೇಲೆ ನನ್ನನ್ನ ಕೇಳಬೇಡಿ.”

ಇರಲಿ. ಆ ಸಂಜೆ ಸಭಾಂಗಣಕ್ಕೆ ಹೋದರು. ಹಿಂದಿನ ಸಾಲುಗಳಲ್ಲಿ ಬೇಕಾದಷ್ಟು ಕುರ್ಚಿ ಖಾಲಿ ಇದ್ದವು. ಅಂಗಡಿಯ ಹೆಂಗಸರು ಐದೂ ಜನ ಗೋಡೆಯ ಪಕ್ಕ ನಿಂತರು. ಯಾರೂ ನಿಲ್ಲಿ ಅನ್ನಲಿಲ್ಲ. ಯಜಮಾನ ಮುಂದೆ ಕೂತಿದ್ದ. ಅವನಿರುವ ಜಾಗದಲ್ಲಿ ಕೂರಬಹುದು ಅನ್ನುವುದು ಅವರ ತಲೆಗೆ ಬರಲಿಲ್ಲ.

ಶಾಸಕರು ಎದ್ದರು. ಇಸ್ತ್ರಿಯ ಮಡಿಕೆ ಮುರಿಯದ ಬಿಳಿ ಬಟ್ಟೆ. ಕತ್ತಿನ ಬೆವರನ್ನು ಪಕ್ಕದವನು ಹಿಡಿದಿದ್ದ ಟವೆಲಿನಲ್ಲಿ ಒರೆಸಿಕೊಂಡು, ಟವೆಲನ್ನು ಅವನ ಹೆಗಲಿಗೇ ಹಾಕಿದರು. ವಿಧಾನಸಭೆಯ ಅಧಿವೇಶನ ಮುಗಿದಾಗಲೆಲ್ಲ ಊರಿಗೆ ಬಂದು, ಯಾವ ಯಾವ ಮಸೂದೆ ಪಾಸಾಯಿತು ಅಂತ ಜನಕ್ಕೆ ಹೇಳುವುದು ಅವರ ರೂಢಿ. ಅದಕ್ಕೆ ವರದಿ ಸಭೆ ಅಂತ ಹೆಸರು.

ಒಂದೊಂದಾಗಿ ಹೇಳಿದರು. ದೊಡ್ಡ ರಸ್ತೆಗೆ ಹೊಸ ಹೆಸರಿಡುವ ಮಸೂದೆ ಪಾಸಾಯಿತು. ಊರ ಹೊರಗಿನ ಖಾಲಿ ಜಾಗವನ್ನು ಕಾರ್ಖಾನೆಗೆ ಕೊಡುವ ಮಸೂದೆ ಪಾಸಾಯಿತು. ಶಾಸಕರ ಭತ್ಯೆಯ ಮಸೂದೆಯೂ ಪಾಸಾಯಿತು. ಅದನ್ನು ಹೇಳುವಾಗ ಅವರಿಗೆ ಕೆಮ್ಮು ಬಂತು. ಏರಿತೋ ಇಳಿಯಿತೋ ಯಾರಿಗೂ ಕೇಳಿಸಲಿಲ್ಲ.

“ಅವರ ಮನೆಯಲ್ಲಿ ಇಳಿದದ್ದು ಏನಾದರೂ ಉಂಟಾ” ಅಂತ ಬಾಯಿಬಡುಕಿ ಗೊಣಗಿದಳು.

ಕೊನೆಗೆ ಶಾಸಕರು ದನಿ ಮೆತ್ತಗೆ ಮಾಡಿದರು. “ಇನ್ನೊಂದಿದೆ. ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಅಂಗಡಿಗಳಲ್ಲಿ ದುಡಿಯೋ ನನ್ನ ತಾಯಂದಿರು, ಅಕ್ಕತಂಗಿಯರು ಇನ್ನು ದಿನವೆಲ್ಲ ನಿಲ್ಲಬೇಕಾಗಿಲ್ಲ. ಕೂರೋದು ಅವರ ಹಕ್ಕು. ಪ್ರತಿ ಅಂಗಡಿಯವರೂ ಸ್ಟೂಲು ಕೊಡಲೇಬೇಕು. ಮಸೂದೆ ಪಾಸಾಗಿದೆ, ಸಹಿ ಬಿದ್ದಿದೆ, ಕಾಯ್ದೆ ಆಗಿದೆ!”

ಯಜಮಾನ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಸೊಸೆ ದೊಡ್ಡಕ್ಕನ ಮುಂಗೈ ಹಿಡಿದುಕೊಂಡಳು. ದೊಡ್ಡಕ್ಕ ನೋಡುತ್ತಿದ್ದದ್ದು ಯಜಮಾನನ ಬೆನ್ನನ್ನು. ಇಷ್ಟು ಖುಷಿಯಾಗಿ ಯಾಕೆ ತಟ್ಟುತ್ತಿದ್ದಾನೆ ಅಂತ ಅವಳಿಗೆ ಅನಿಸಿತು.

“ಏನಾದರೂ ಕೇಳೋದಿದ್ರೆ ಕೇಳಿ” ಅಂದರು ಶಾಸಕರು.

ದೊಡ್ಡಕ್ಕ ಜನ್ಮದಲ್ಲಿ ಸಭೆಯಲ್ಲಿ ಬಾಯಿ ತೆರೆದವಳಲ್ಲ. ಅವತ್ತು ತೆರೆದಳು. “ಸ್ವಾಮಿ, ಯಾವಾಗ ಬೇಕಾದ್ರೂ ಕೂರಬಹುದಾ?”

“ಧಾರಾಳವಾಗಿ ತಾಯಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ.”

“ಗಿರಾಕಿ ಇದ್ರೆ?”

ಶಾಸಕರು ನಕ್ಕರು. “ಮನೆಗೆ ನೆಂಟರು ಬಂದಾಗ ಕಾಲು ಚಾಚಿಕೊಂಡು ಕೂರ್ತೀರಾ? ಗಿರಾಕಿ ಎದುರಿಗೆ ಕೂರೋದು ಮರ್ಯಾದೆನಾ? ಅದಕ್ಕೇ ‘ಗಿರಾಕಿ ಇಲ್ಲದಾಗ’ ಅಂತ ಕಾಯ್ದೆಯಲ್ಲೇ ಬರೆದಿದೀವಿ. ಎರಡೂ ಕಡೆಯವರೂ ಸುಖವಾಗಿರಬೇಕಲ್ಲ.”

ಸಭೆಯೆಲ್ಲ ನಕ್ಕಿತು. ದೊಡ್ಡಕ್ಕನಿಗೂ ಇದು ಸರಿಯೆನಿಸಿತು. ಗಿರಾಕಿ ಬಂದಾಗ ನಿಂತರಾಯಿತು. ಹೋದಾಗ ಕೂತರಾಯಿತು. ಅಷ್ಟು ಸಿಕ್ಕರೆ ಸಾಕು. ದಾರಿಯಲ್ಲಿ ಸೊಸೆಗೆ ಹೇಳಿದಳು: “ಈ ಸಲ ಉಳಿಯುತ್ತೆ ಬಿಡು.” ಅವಳು ಮಾಡಿದ ತಪ್ಪು ಅದೊಂದೇ. ಶಾಸಕರು ಹೇಳಿದ್ದನ್ನು ನಂಬಿದಳು.

ಸ್ಟೂಲುಗಳು ಬಂದವು. ಯಜಮಾನ ತಾನೇ ನಿಂತು ಇಳಿಸಿಕೊಂಡ. ಮೊದಲ ದಿನ ಬೆಳಗಿನ ವ್ಯಾಪಾರ ತಣ್ಣಗಾದ ಮೇಲೆ ಹೆಂಗಸರು ಕೂತರು. ಕುಳ್ಳಿ ಅನ್ನುವವಳು, ಎತ್ತರದ ಕಪಾಟಿಗೆ ಏಣಿ ಹತ್ತಿ ಹತ್ತಿ ಮಂಡಿ ಸವೆಸಿಕೊಂಡವಳು, ಕೂತ ತಕ್ಷಣ ಅತ್ತಳು. “ಏನಾಯ್ತೇ?” ಅಂದರೆ, “ಏನಿಲ್ಲ, ಕಾಲು ಇಲ್ಲವೇ ಇಲ್ಲ ಅನ್ನೋ ಹಾಗಾಯ್ತು” ಅಂದಳು. ಎರಡನೆಯ ದಿನವೂ ಕೂತರು. ಸೊಸೆಯ ಪಾದದ ಊತ ಕೊಂಚ ಇಳಿಯಿತು.

ಮೂರನೆಯ ದಿನ ಬೆಳಗ್ಗೆ ಯಜಮಾನನ ಹೆಂಡತಿಯ ತಮ್ಮ ಅಂಗಡಿಗೆ ಬಂದ. ಗಿರಾಕಿಗಳಿಗೆಂದು ಹಾಕಿದ್ದ ಮೆತ್ತನೆಯ ಕುರ್ಚಿಯಲ್ಲಿ ಕೂತ. ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡ. ಏಳಲೇ ಇಲ್ಲ.

ಹೆಂಗಸರು ಕಾದರು. ಬಂದ ಗಿರಾಕಿಗಳು ಹೋದರು, ಇವನು ಹೋಗಲಿಲ್ಲ. ಮಧ್ಯಾಹ್ನ ಕುಳ್ಳಿ ಮೆಲ್ಲಗೆ ಸ್ಟೂಲು ಎಳೆದುಕೊಂಡಳು.

“ಏಯ್” ಅಂದ ಯಜಮಾನ. “ಗಿರಾಕಿ ಇದಾರೆ. ಕಾಣಲ್ವಾ?”

“ಯಾರು?”

“ಅಲ್ಲಿ ಕೂತಿರೋದು ಯಾರು, ದೆವ್ವಾನಾ?”

“ಅವರು ನಿಮ್ಮ ಭಾವಮೈದುನ ಅಲ್ವಾ ಯಜಮಾನ್ರೆ?”

“ಭಾವಮೈದುನ ಬಟ್ಟೆ ಹಾಕ್ಕೊಳ್ಳಲ್ವಾ? ಬಟ್ಟೆ ಕೊಳ್ಳೋದಕ್ಕೆ ಬಂದಿದಾನೆ. ಇನ್ನೂ ಯೋಚನೆ ಮಾಡ್ತಿದಾನೆ. ನಿಂತ್ಕೋ.”

ಅವನು ಮಾರನೆಯ ದಿನವೂ ಯೋಚನೆ ಮಾಡಿದ. ಆ ವಾರವೆಲ್ಲ ಯೋಚನೆ ಮಾಡಿದ. ಬಾಯಿಬಡುಕಿ ಅವನಿಗೆ ಗಿರಾಕಣ್ಣ ಅಂತ ಹೆಸರಿಟ್ಟಳು. ಗಿರಾಕಣ್ಣ ಅಂಗಡಿ ತೆರೆಯುವ ಹೊತ್ತಿಗೆ ಬರುತ್ತಿದ್ದ. ಕಾಲ ಮೇಲೆ ಕಾಲು ಹಾಕಿ ಹೆಬ್ಬೆರಳ ಸಂದಿಯ ಕೊಳೆ ಉಜ್ಜಿ, ಉಂಡೆ ಮಾಡಿ, ಬೆರಳಲ್ಲಿ ಚಿಮ್ಮುತ್ತಿದ್ದ. ಅದು ಮಡಚಿಟ್ಟ ಬಟ್ಟೆಯ ಮೇಲೆ ಬಿದ್ದರೆ ಹೆಂಗಸರು ಝಾಡಿಸಬೇಕು. ಮನೆಯಿಂದ ಬಂದ ಊಟವನ್ನು ಅಲ್ಲೇ ಕೂತು ಉಂಡು, ತೇಗಿ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿತ್ತು. ಅವನ ಗೊರಕೆಯ ಮುಂದೆ ಐದು ಹೆಂಗಸರು ನೆಟ್ಟಗೆ ನಿಂತಿರಬೇಕು. ಅವನು ಗಿರಾಕಿ.

“ಗಿರಾಕಣ್ಣ, ಏನು ಯೋಚನೆ ಮಾಡ್ತಿದೀರಿ?” ಅಂತ ಬಾಯಿಬಡುಕಿ ಕೆಣಕುತ್ತಿದ್ದಳು. “ಬಣ್ಣ ಯಾವುದು ಅಂತಾನಾ?”

“ಸುಮ್ನಿರು ತಾಯಿ” ಅನ್ನುತ್ತಿದ್ದ ಅವನು. “ನನಗೂ ಸಾಕಾಗಿದೆ. ಕೂತೂ ಕೂತೂ ಕುಂಡಿ ಮರಗಟ್ಟಿ ಹೋಗಿದೆ. ಭಾವ ಹೇಳಿದ್ದು, ಏನ್ಮಾಡಲಿ? ನಿಮಗೇನು, ಆರಾಮಾಗಿ ನಿಂತಿದೀರಿ.”

ಬಾಯಿಬಡುಕಿ ನಗಲಿಲ್ಲ. ಅವನು ಚಿಮ್ಮಿದ ಕೊಳೆಯನ್ನು ಬಟ್ಟೆಯಿಂದ ಝಾಡಿಸಿದಳು.

ಸ್ಟೂಲುಗಳು ಅಟ್ಟ ಸೇರಿದವು. ಸೊಸೆಯ ಕಾಲು ಮತ್ತೆ ಊದಿತು. ಒಂದು ಬೆಳಗ್ಗೆ ಅವಳು ದೊಡ್ಡಕ್ಕನನ್ನು ಬಚ್ಚಲಿಗೆ ಕರೆದು ಒಳಬಟ್ಟೆ ತೋರಿಸಿದಳು. ಕಾಸಗಲ ಕೆಂಪು ಕಲೆ. ಹೋದ ಸಲವೂ ಹೀಗೇ ಶುರುವಾಗಿತ್ತು.

ಅವತ್ತು ದೊಡ್ಡಕ್ಕ ಯಜಮಾನನ ಮುಂದೆ ನಿಂತು ಕೇಳಿದಳು. “ಇವಳೊಬ್ಬಳಿಗೆ ಕೂರೋದಕ್ಕೆ ಬಿಡಿ. ಅವಳ ಪಾಲಿನ ಗಿರಾಕೀನೂ ನಾನೇ ನೋಡ್ಕೋತೀನಿ.”

“ಒಬ್ಬಳಿಗೆ ಬಿಟ್ರೆ ನಾಳೆ ಎಲ್ಲರಿಗೂ ಹೊಟ್ಟೆ ಬರುತ್ತೆ” ಅಂದ ಯಜಮಾನ. “ಆಗಲ್ಲ ಅಂದ್ರೆ ಮನೇಲಿರಲಿ. ನೀನೂ ಜೊತೇಲಿರು. ನಾನೇನು ಕಾಯ್ದೆ ಮುರಿದಿದೀನಾ?”

ವಾರದ ರಜೆಯ ದಿನ ದೊಡ್ಡಕ್ಕ ಬಾಯಿಬಡುಕಿಯನ್ನು ಕರೆದುಕೊಂಡು ಶಾಸಕರ ಕಚೇರಿಗೆ ಹೋದಳು. ಒಳಗೆ ಬಿಟ್ಟಾಗ ಶಾಸಕರು ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಕೂತಿದ್ದರು. ಸುತ್ತಲ ಕುರ್ಚಿಗಳಲ್ಲಿ ಅವರ ಕಡೆಯವರು. ಇವರಿಗೆ ಕೂರಿ ಅಂತ ಯಾರೂ ಹೇಳಲಿಲ್ಲ. ದೊಡ್ಡಕ್ಕ ನಿಂತೇ ಎಲ್ಲ ಹೇಳಿದಳು. ಸೊಸೆಯ ವಿಷಯವನ್ನೂ ಹೇಳಿದಳು. ಅಷ್ಟು ಗಂಡಸರ ಮುಂದೆ ಅದನ್ನು ಹೇಳುವಾಗ ಅವಳ ಮುಖ ಸುಟ್ಟಂತಾಯಿತು.

ಶಾಸಕರು ಕಡ್ಡಿಯ ತುದಿಗೆ ಬಂದದ್ದನ್ನು ನೋಡಿದರು. “ತಾಯಿ, ಗಿರಾಕಿ ಅಂದ್ರೆ ಯಾರು ಅಂತ ಕಾಯ್ದೆಯಲ್ಲಿ ಬರೆದಿಲ್ಲ. ಕೊಳ್ಳೋ ಆಸೆ ಇಟ್ಕೊಂಡು ಬಂದವರೆಲ್ಲ ಗಿರಾಕಿನೇ.”

“ಅವನಿಗೆ ಆ ಆಸೆ ಇಲ್ಲ ಸ್ವಾಮಿ. ನಿದ್ದೆ ಮಾಡ್ತಾನೆ.”

“ಆಸೆ ಮನಸ್ಸಿನಲ್ಲಿರುತ್ತೆ. ಬಾಯಲ್ಲಿ ಹೇಳಬೇಕಾ? ಇನ್ನೊಬ್ಬರ ಮನಸ್ಸಿನೊಳಗೆ ನೀವು ಹೊಕ್ಕು ನೋಡಿದೀರಾ?”

ಕೂತವರು ಹಲ್ಲು ಕಿರಿದರು. ಶಾಸಕರು ತಮ್ಮ ಜಾಣತನಕ್ಕೆ ತಾವೇ ತಲೆದೂಗಿದರು.

“ಆ ಮಾತು ತೆಗೆದುಹಾಕಿ ಸ್ವಾಮಿ” ಅಂದಳು ದೊಡ್ಡಕ್ಕ. “ಗಿರಾಕಿ ಇಲ್ಲದಾಗ ಅನ್ನೋದನ್ನ.”

“ಸೇರಿಸಿದ್ದೇ ನಾನಮ್ಮ. ವರ್ತಕರ ಸಂಘದವರು ಬಂದು ಕೇಳ್ಕೊಂಡ್ರು. ನಿಮ್ಮ ಯಜಮಾನರೂ ಬಂದಿದ್ರು. ಅದಿಲ್ಲದಿದ್ರೆ ಪಾಸೇ ಆಗ್ತಿರಲಿಲ್ಲ. ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಬಂತಲ್ಲ ಅಂತ ಸಂತೋಷಪಡಿ. ಮುಂದಿನ ಅಧಿವೇಶನದಲ್ಲಿ ನೋಡೋಣ.”

“ಅಷ್ಟರಲ್ಲಿ ಅವಳ ದಿನ ತುಂಬುತ್ತೆ.”

“ದೇವರಿದಾನೆ” ಅಂದರು ಶಾಸಕರು. ಆಮೇಲೆ ಏನೋ ಹೊಳೆದವರಂತೆ ಸಹಾಯಕನ ಕಡೆ ತಿರುಗಿದರು. “ನೋಡಯ್ಯ, ಈ ಬುಧವಾರ ಇನ್ನೊಂದು ವರದಿ ಸಭೆ ಅಲ್ಲೇ ಇಟ್ಕೊಂಡ್ರೆ ಹೇಗೆ? ಬಟ್ಟೆ ಅಂಗಡಿಯಲ್ಲೇ. ಹೆಣ್ಣುಮಕ್ಕಳು ಸ್ಟೂಲಿನ ಮೇಲೆ ಕೂತಿರೋದು, ನಾನು ಪಕ್ಕದಲ್ಲಿ ನಿಂತಿರೋದು. ಚೆನ್ನಾಗಿ ಬರುತ್ತೆ ಫೋಟೊ.”

ಹೊರಗೆ ಬಂದ ಮೇಲೆ ಬಾಯಿಬಡುಕಿ ಚರಂಡಿಗೆ ಉಗುಳಿದಳು. ದೊಡ್ಡಕ್ಕ ಉಗುಳಲಿಲ್ಲ. ಬಾಯಿ ಒಣಗಿತ್ತು.

ಬುಧವಾರ ಬಂತು. ಅಂಗಡಿಯ ಮುಂದೆ ಮೈಕು ಕಟ್ಟಿದರು. ಅಟ್ಟದಿಂದ ಸ್ಟೂಲು ಇಳಿಸಿ ಧೂಳು ಒರೆಸಿದ್ದೂ ಹೆಂಗಸರೇ. ಯಜಮಾನ ಗಿರಾಕಣ್ಣನನ್ನು ಕಳಿಸಲಿಲ್ಲ. ಸಭೆಗೆ ಜನ ಬೇಕು, ಅವನೂ ಇರಲಿ ಅಂತ ಮುಖ ತೊಳೆಸಿ ಕೂರಿಸಿದ್ದ.

ಶಾಸಕರು ಬಂದರು. ಹಿಂದೆ ಕ್ಯಾಮರಾದವರು, ಪಕ್ಕದ ಅಂಗಡಿಗಳ ಯಜಮಾನರು. ಶಾಸಕರು ಹೆಂಗಸರ ತಲೆ ಮುಟ್ಟುತ್ತಾ ಬಂದರು. ಸೊಸೆಯ ಹತ್ತಿರ ಬಂದಾಗ ಕ್ಯಾಮರಾ ನೋಡಿಕೊಂಡು, ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟರು. “ಈ ಕೂಸಿಗೂ ನನ್ನ ಕಾಯ್ದೆಯ ಆಶೀರ್ವಾದ” ಅಂದರು. ಸೊಸೆ ಉಸಿರು ಬಿಗಿಹಿಡಿದಳು. ಆ ಕೈ ತೆಗೆಯುವಾಗ ಅವಳ ಬಟ್ಟೆಯ ಮೇಲೆ ಬೆವರಿನ ಗುರುತು ಉಳಿಯಿತು. ದೊಡ್ಡಕ್ಕ ಅದನ್ನು ನೋಡಿದಳು.

ಭಾಷಣವಾಯಿತು. ಕಾಯ್ದೆ ಕಣ್ಣೆದುರಿಗೇ ಜಾರಿಯಾಗಿದೆ ನೋಡಿ ಅಂದರು. ಹೆಂಗಸರನ್ನು ಕೂರಿಸಿ ಫೋಟೊ ತೆಗೆದರು. ಕೂತಿದ್ದು ಎಷ್ಟು ಹೊತ್ತು? ಫೋಟೊಗೆ ಎಷ್ಟು ಬೇಕೋ ಅಷ್ಟು.

“ಸಾಕು, ಏಳ್ರಮ್ಮ” ಅಂದ ಯಜಮಾನ. “ಸ್ಟೂಲು ಒಳಗಿಡಿ. ಗಿರಾಕಿ ಇದಾರೆ.”

ನಾಲ್ವರು ಎದ್ದರು. ಸೊಸೆ ಏಳಲು ಹೋಗಿ ಸ್ಟೂಲಿನ ಅಂಚು ಹಿಡಿದುಕೊಂಡಳು. ಮುಖ ಬಿಳಚಿಕೊಂಡಿತ್ತು. ಕೈ ತಾನಾಗಿ ಕಿಬ್ಬೊಟ್ಟೆಗೆ ಹೋಗಿತ್ತು.

“ಅತ್ತೆ” ಅಂದಳು. “ಮತ್ತೆ ಹಿಡೀತಿದೆ.”

“ಏನದು ನಾಟಕ?” ಅಂದ ಯಜಮಾನ, ಶಾಸಕರ ಕಡೆ ಹಲ್ಲು ಬಿಡುತ್ತಾ. “ಏಳು, ಏಳು. ಗಿರಾಕಿ ಇದಾರೆ ಅಂದೆನಲ್ಲ.”

ದೊಡ್ಡಕ್ಕ ಗಿರಾಕಣ್ಣನ ಮುಂದೆ ಹೋಗಿ ನಿಂತಳು. ಕೈ ಮುಗಿದಳು.

“ಬನ್ನಿ ಅಣ್ಣ. ಏನು ತೋರಿಸಲಿ?”

ಗಿರಾಕಣ್ಣ ಬೆಪ್ಪಾದ. “ನನಗಾ? ಏನೂ ಬೇಡಮ್ಮ.”

“ಆಸೆ ಮನಸ್ಸಿನಲ್ಲಿರುತ್ತೆ ಅಣ್ಣ. ಬಾಯಲ್ಲಿ ಹೇಳಬೇಕಾಗಿಲ್ಲ. ಶಾಸಕರೇ ಹೇಳಿದಾರೆ.”

ಅಂದವಳೇ ಕಪಾಟಿನಿಂದ ಪರದೆ ಬಟ್ಟೆಯ ಒಂದು ಥಾನು ಎಳೆದಳು. ಮಣಿಕಟ್ಟಿನ ಒಂದು ತಿರುವಿಗೆ ಅದು ಉರುಳಿ ಬಿಚ್ಚಿಕೊಂಡು ಅವನ ಮಡಿಲಿಗೆ ಬಿತ್ತು. “ಇದಲ್ವಾ? ಇದು ನೋಡಿ.” ಇನ್ನೊಂದು. “ಇದೂ ಅಲ್ವಾ?” ಮತ್ತೊಂದು. ಹಾಸಿಗೆ ಹೊದಿಕೆ. ಶರ್ಟಿನ ಬಟ್ಟೆ. ಟವೆಲು. ಒಂದೊಂದನ್ನೂ ಝಾಡಿಸಿ ಬಿಚ್ಚಿ ಅವನ ಮೇಲೆ ಎಸೆದಳು.

“ದೊಡ್ಡಕ್ಕ, ಏನು ಮಾಡ್ತಿದೀಯ?” ಅಂತ ಯಜಮಾನ ಕೂಗಿದ.

“ಗಿರಾಕಿಗೆ ತೋರಿಸ್ತಿದೀನಿ.”

ಬಾಯಿಬಡುಕಿ ಒಂದು ಗಳಿಗೆ ನಿಂತು ನೋಡಿದಳು. “ಅಯ್ಯೋ, ಗಿರಾಕಣ್ಣನಿಗೆ ಹೂವಿನ ಡಿಸೈನು ಬೇಕಂತೆ ಕಣೇ!” ಅಂತ ಕೂಗಿ ತನ್ನ ಕಡೆಯ ಕಪಾಟಿಗೆ ಕೈ ಹಾಕಿದಳು. ಕುಳ್ಳಿ ಏಣಿ ಹತ್ತಿದಳು. ಮೇಲಿನ ಸಾಲಿನಿಂದ ಥಾನುಗಳು ಧಡ್ ಧಡ್ ಅಂತ ಬಿದ್ದವು. ಐದನೆಯವಳು ಯಾರ ಜೊತೆಗೂ ಮಾತಾಡದ ಹೆಂಗಸು. ಅವಳು ಮಾತಾಡದೆಯೇ ಗಾಜಿನ ಪೆಟ್ಟಿಗೆಯ ಬಟ್ಟೆಯನ್ನೆಲ್ಲ ಬಾಚಿ ತಂದು ಸುರಿದಳು. ಕ್ಯಾಮರಾದವರು ಇದೂ ಕಾರ್ಯಕ್ರಮದಲ್ಲೇ ಇದೆ ಅಂದುಕೊಂಡು ತೆಗೆಯುತ್ತಲೇ ಇದ್ದರು.

“ಭಾವಾ!” ಅಂತ ಬಟ್ಟೆಯೊಳಗಿನಿಂದ ಗಿರಾಕಣ್ಣ ಅರಚಿದ. “ನಾನು ಗಿರಾಕಿ ಅಲ್ಲ ಅಂತ ಹೇಳೋ ಭಾವಾ!”

ಬೀದಿಯ ಜನ ಬಾಗಿಲಿಗೆ ಮುತ್ತಿದ್ದರು. ಆ ಮಾತು ಅವರಿಗೂ ಕೇಳಿಸಿತು. ಮೈಕು ಇನ್ನೂ ಬಂದ್ ಆಗಿರಲಿಲ್ಲ.

ಕಪಾಟುಗಳು ಬರಿದಾದವು. ನಡುಮನೆಯಷ್ಟು ಜಾಗದಲ್ಲಿ ಎದೆಮಟ್ಟ ಬಟ್ಟೆಯ ರಾಶಿ. ಶಾಸಕರ ಬೂಟು ಅದರಲ್ಲಿ ಹೂತಿತ್ತು. ಗಿರಾಕಣ್ಣ ಅದರಿಂದ ಅಂಬೆಗಾಲಿಟ್ಟು ಹೊರಬಿದ್ದು ಬಾಗಿಲ ಕಡೆ ಓಡಿದ. ದೊಡ್ಡಕ್ಕನ ಕಾಲಿನ ಕಟ್ಟು ಬಿಚ್ಚಿತ್ತು. ಹುಣ್ಣಿನಿಂದ ನೀರು ಸೋರುತ್ತಿತ್ತು. ಅವಳು ಸೊಸೆಯ ಕಂಕುಳಿಗೆ ಕೈ ಕೊಟ್ಟು ನಡೆಸಿಕೊಂಡು ಬಂದು, ರಾಶಿಯ ಮೇಲೆ ಮೆಲ್ಲಗೆ ಕೂರಿಸಿದಳು. ಒರಗಿಸಿದಳು. ಕಾಲು ಎತ್ತಿ ಚಾಚಿಸಿದಳು. ಪಕ್ಕದಲ್ಲಿ ತಾನೂ ಕೂತಳು. ಉಳಿದವರೂ ಕೂತರು.

“ಗಿರಾಕಿ ಹೋದ” ಅಂದಳು. “ಈಗ ಕೂರಬಹುದಲ್ಲ ಸ್ವಾಮಿ?”

ಯಜಮಾನ ಮೈ ಪರಚಿಕೊಳ್ಳುತ್ತಿದ್ದ. “ಏಳ್ರೇ! ಎಲ್ಲ ಮಡಚ್ರೇ! ಈಗಿಂದೀಗಲೇ ಮಡಚ್ರೇ!”

“ಮಡಚಲ್ಲ” ಅಂದಳು ದೊಡ್ಡಕ್ಕ.

ಆ ಅಂಗಡಿಯಲ್ಲಿ ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಬಿಚ್ಚಿದ್ದನ್ನೆಲ್ಲ ಮಡಚುವುದೇ ಅವಳ ಆಯಸ್ಸಾಗಿತ್ತು. ಗಿರಾಕಿ ಕಾಲಲ್ಲಿ ತುಳಿದು ಹೋದದ್ದನ್ನೂ ಎತ್ತಿ, ಧೂಳು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿದ್ದಳು.

“ಏನಂದೆ?”

“ಮಡಚಲ್ಲ. ಏಳಲ್ಲ. ಈ ಹುಡುಗಿಗೆ ನೋವು ನಿಲ್ಲೋವರೆಗೆ ಇಲ್ಲಿಂದ ಅಲ್ಲಾಡಲ್ಲ. ಹೋದ ಸಲ ಹಿಂದಿನ ಗೋದಾಮಿನಲ್ಲಿ ನೆಲ ಒರೆಸಿದೆ. ಯಾವ ಥಾನು ಅಂತ ಕೇಳಿದ್ರಿ. ಈಗ ಎಲ್ಲ ಥಾನೂ ಇಲ್ಲೇ ಇವೆ. ಆರಿಸಿಕೊಳ್ಳಿ.”

ಪಕ್ಕದ ಅಂಗಡಿಯ ಯಜಮಾನರು ನೆಲ ನೋಡಿದರು. ಶಾಸಕರು ಕ್ಯಾಮರಾದವರಿಗೆ ಸಾಕು ಸಾಕು ಅಂತ ಕೈ ಬೀಸಿದರು. ಆಮೇಲೆ ಮುಖದ ಮೇಲೆ ನಗು ಅಂಟಿಸಿಕೊಂಡು ಬಗ್ಗಿದರು.

“ತಾಯಿ, ಹೀಗೆಲ್ಲ ಮಾಡಬಾರದು. ನಿಮಗೋಸ್ಕರ ಎಷ್ಟು ಕಷ್ಟಪಟ್ಟು ಕಾಯ್ದೆ ತಂದೆ ನಾನು.”

“ನೀವು ನಮಗೆ ಕಾಯ್ದೆ ತರಲಿಲ್ಲ. ಓಡಿಹೋದ್ನಲ್ಲ, ಅವನಿಗೆ ಕೂರೋ ಕೆಲಸ ಕೊಟ್ರಿ” ಅಂದಳು ದೊಡ್ಡಕ್ಕ. “ದೂರ ನಿಂತ್ಕೊಳ್ಳಿ. ನಿಮ್ಮ ಕೈ ಇವಳ ಹೊಟ್ಟೆ ಮೇಲೆ ಬಿದ್ದಾಗಿನಿಂದ ನನಗೆ ಹೇಸಿಗೆ ಆಗ್ತಿದೆ. ನಾನು ದಿನಾ ನನ್ನ ಕಾಲಿನ ಕೀವು ತೊಳೀತೀನಿ. ಅದಕ್ಕೂ ಇಷ್ಟು ಹೇಸಿಲ್ಲ.”

ಶಾಸಕರು ನೆಟ್ಟಗಾದರು. ಮುಂಬಾಗಿಲ ತುಂಬ ಜನ. ಗೋದಾಮಿನ ಕಡೆಯ ಹಿಂಬಾಗಿಲಿನಿಂದ ಅವರನ್ನು ಕರೆದುಕೊಂಡು ಹೋದರು. ಯಜಮಾನನೂ ಅವರ ಹಿಂದೆ ಕೈ ಹಿಸುಕಿಕೊಳ್ಳುತ್ತಾ ಓಡಿದ.

ಹೆಂಗಸರು ಕೂತೇ ಇದ್ದರು. ಬಾಗಿಲಲ್ಲಿದ್ದ ಯಾರೋ ನೀರು ತಂದುಕೊಟ್ಟರು. ಸೊಸೆ ಕುಡಿದಳು. ಎಲ್ಲರೂ ಹೊಟ್ಟೆ ತುಂಬ ಕುಡಿದರು. ಬಿಸಿಲು ಇಳಿಯುವ ಹೊತ್ತಿಗೆ ಸೊಸೆಯ ನೋವು ತಗ್ಗಿತು. ಅವಳು ದೊಡ್ಡಕ್ಕನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಒಂದು ಒದೆತ ಬಿತ್ತು.

“ಇದೆ” ಅಂದಳು ಸೊಸೆ.

“ಇದೆ” ಅಂದಳು ದೊಡ್ಡಕ್ಕ.

ಮುಂದಿನ ಅಧಿವೇಶನದಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಕೆಲಸದವರು ಬೇಕೆಂದು ಅಂಗಡಿಯ ಸರಕು ಚೆಲ್ಲಾಡಿದರೆ ಅಪರಾಧ ಅಂತ ಸೇರಿಸಿದರು. ಬೆಳಗ್ಗೆ ತಂದು ಮಧ್ಯಾಹ್ನದ ಊಟಕ್ಕೆ ಮೊದಲೇ ಪಾಸು ಮಾಡಿದರಂತೆ. ಶಾಸಕರು ವರದಿ ಸಭೆಯಲ್ಲಿ ಅದನ್ನೂ ಹೇಳಿದರು, ಚಪ್ಪಾಳೆಯೂ ಬಿತ್ತು. ಗಿರಾಕಿ ಅಂದರೆ ಯಾರು ಅನ್ನುವುದನ್ನು ಮಾತ್ರ ಇವತ್ತಿಗೂ ಬರೆದಿಲ್ಲ.

ಬಾಯಿಬಡುಕಿ ಅಂಗಡಿ ಬಿಡಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಳು. ಶುಕ್ರವಾರ ಹೋಗಿ ತಪ್ಪಾಯಿತು ಅಂದು, ನಿಂತುಕೊಂಡು ಆ ರಾಶಿಯನ್ನೆಲ್ಲ ಮಡಚಿದಳು. ಮಾತಾಡದ ಹೆಂಗಸೂ ಅವಳ ಜೊತೆ ಹೋದಳು. ಅವರನ್ನು ದೊಡ್ಡಕ್ಕ ಬೈಯಲಿಲ್ಲ. ಕುಳ್ಳಿಯನ್ನು ಯಜಮಾನ ಶನಿವಾರ ಹೊರಗೆ ಹಾಕಿದ. ಏಣಿ ಹತ್ತಿದ್ದು ಅವಳು ಅನ್ನುವ ಕಾರಣಕ್ಕೆ.

ದೊಡ್ಡಕ್ಕ ಅಷ್ಟು ದಿನ ಕಾಯಲಿಲ್ಲ. ಅದೇ ಬುಧವಾರ ಸಂಜೆ, ಬೀದಿ ದೀಪ ಹತ್ತಿದ ಮೇಲೆ, ಸೊಸೆಯ ಕೈ ಹಿಡಿದುಕೊಂಡು ಬಟ್ಟೆಯ ಮೇಲೆ ನಡೆದು ಮುಂಬಾಗಿಲಿನಿಂದ ಹೊರಬಿದ್ದಳು. ಹಿಂತಿರುಗಿ ಬರಲಿಲ್ಲ. ಆ ಬುಧವಾರ ಬಟ್ಟೆ ಅಂಗಡಿ ಬಿಟ್ಟು ಹೋದವರು ಮೂವರು. ಇಬ್ಬರು ಕುಂಟುತ್ತಾ ಹೋದರು. ಒಬ್ಬರು ಹೊಟ್ಟೆಯೊಳಗೆ ಒದೆಯುತ್ತಾ ಹೋದರು.